ಕಲ್ಲಿನ ಮೇಲಿನ ತವರೂರು

ಪ್ರೀತಿಯ ಪುಟ್ಟಿ,

ಉಪ್ಪಿನಕಾಯಿ ಮುಗಿದಿದ್ದರೆ ಹೇಳು, ಕಳಿಸ್ತೀನಿ. ಹಾಸ್ಟೆಲ್ ಊಟದ ಮೇಲೆ ನನಗೆ ನಂಬಿಕೆ ಇಲ್ಲ.

ಶನಿವಾರ ಪಕ್ಕದ ಮನೆ ಅಜ್ಜಿ ನನ್ನನ್ನು ಇಲ್ಲೇ ಟೆಕ್ಸಸ್‌ನ ಫ್ರೆಡೆರಿಕ್ಸ್‌ಬರ್ಗ್ ಕಡೆ ಕರೆದುಕೊಂಡು ಹೋಗಿದ್ದರು. ನೀನು ಪೀಚ್ ಹಣ್ಣಿಗೆ ಹಟ ಮಾಡುತ್ತಿದ್ದೆಯಲ್ಲ, ಅದೇ ಊರು. ಈ ಸಲ ಹೋಗಿದ್ದು ಊರಾಚೆಯ ಹಳೇ ಸ್ಮಶಾನಕ್ಕೆ. ಅವರ ಹಿರಿಯರು ಅಲ್ಲಿದ್ದಾರೆ.

1840ರ ದಶಕದಲ್ಲಿ ಜರ್ಮನ್ ಸಿರಿವಂತರ ಒಂದು ಸಂಘ, ಟೆಕ್ಸಸ್‌ನಲ್ಲಿ ಜಮೀನು ಕೊಡ್ತೀವಿ ಅಂತ ಸಾವಿರಾರು ಜನರನ್ನು ಹಡಗು ಹತ್ತಿಸಿತಂತೆ. 1846ರಲ್ಲಿ ಮೆಕ್ಸಿಕೋ ಜೊತೆ ಯುದ್ಧ ಶುರುವಾಯಿತು, ಗಾಡಿಗಳೆಲ್ಲ ಸೈನ್ಯದ ಪಾಲಾದವು. ಇಂಡಿಯನೋಲಾ ಕಡಲ ತೀರದಲ್ಲೇ ಸಿಕ್ಕಿಹಾಕಿಕೊಂಡವರು ಜ್ವರ, ಭೇದಿಗೆ ರಾಶಿ ರಾಶಿ ಸತ್ತರು. ಅವರಲ್ಲಿ ಎಷ್ಟೋ ಜನರಿಗೆ ಒಂದು ಕಲ್ಲೂ ಸಿಗಲಿಲ್ಲ. ಆ ಸಂಘದ ಇಲ್ಲಿನ ಮುಖ್ಯಸ್ಥ ಮ್ಯೂಸ್‌ಬಾಖ್ ಬ್ಯಾರನ್ ಪದವಿ ಬಿಟ್ಟು ಬರೀ ಜಾನ್ ಆದ. 1847ರಲ್ಲಿ ಇಲ್ಲಿನ ಮೂಲನಿವಾಸಿಗಳಾದ ಕೊಮಾಂಚಿಗಳ ಜೊತೆ ಒಪ್ಪಂದವನ್ನೂ ಮಾಡಿಕೊಂಡ. ಅವನ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ ಬಿಡು. ನನಗೆ ಹಿಡಿಸಿದ್ದು ಹೆಂಗಸರ ಕಲ್ಲುಗಳು.

ಸುಣ್ಣದ ಕಲ್ಲು ಮೆತ್ತಗೆ, ಮಳೆಗೆ ಅಕ್ಷರವೆಲ್ಲ ಸವೆದಿತ್ತು. ಅಜ್ಜಿ ಚೀಲದಿಂದ ಒಂದು ಕನ್ನಡಿ ತೆಗೆದು, ಬಿಸಿಲನ್ನು ಕಲ್ಲಿನ ಮೇಲೆ ಓರೆಯಾಗಿ ಬಿಟ್ಟರು. ಮೊದಲು ಇಸವಿ ಎದ್ದಿತು, ಆಮೇಲೆ ಹೆಸರು. ಹಳೇ ಜರ್ಮನ್ ಲಿಪಿ, ಎಸ್ ಮತ್ತು ಎಫ್ ನನ್ನ ಕಣ್ಣಿಗೆ ಒಂದೇ. ಸೀಮೆಸುಣ್ಣ ಉಜ್ಜಿದರೆ ಬೇಗ ಕಾಣಲ್ವಾ ಅಂದೆ. ಕಲ್ಲು ಹಾಳಾಗತ್ತೆ ಅಂತ ಗದರಿದರು.

ಗಂಡನ ಮನೆ ಹೆಸರು, ಅದರ ಕೆಳಗೆ ತವರಿನ ಹೆಸರು. ಅದರ ಕೆಳಗೆ ಹುಟ್ಟಿದ ಹಳ್ಳಿ, ನಸ್ಸೌ ಸೀಮೆ, ಆಗಿನ ಒಂದು ಪುಟ್ಟ ಜರ್ಮನ್ ರಾಜ್ಯ. ಜರ್ಮನಿ ಅಂತ ಇಲ್ಲವೇ ಇಲ್ಲ. ಇರೋದಾದರೂ ಹೇಗೆ? ಆ ದೇಶ ಒಂದಾಗಿದ್ದೇ 1871ರಲ್ಲಿ.

ಹಳ್ಳಿ ಗೊತ್ತಾದರೆ ಅಲ್ಲಿನ ಚರ್ಚಿನ ಪುಸ್ತಕದಲ್ಲಿ ಹುಟ್ಟು, ಮದುವೆ, ಸಾವು ಎಲ್ಲ ಹುಡುಕಬಹುದು. ಗೊತ್ತಿಲ್ಲದಿದ್ದರೆ ಅಷ್ಟು ದೊಡ್ಡ ದೇಶದಲ್ಲಿ ಎಲ್ಲಿ ಅಂತ ಕೈ ಹಾಕ್ತೀಯಾ? ಅಜ್ಜಿ ಮನೆಯಲ್ಲಿ ಇಷ್ಟು ವರ್ಷ "ನಾವು ಬ್ರೆಮೆನ್‌ನವರು" ಅಂತಲೇ ಮಾತು. ಬ್ರೆಮೆನ್ ಅವರು ಹಡಗು ಹತ್ತಿದ ಜಾಗ, ಅಷ್ಟೇ!

ಮುಂದಿನ ಸಾಲಿನ ಕಲ್ಲುಗಳು ಮೊದಲ ಮಹಾಯುದ್ಧದ ನಂತರದವು. ಆಗ ಅಮೆರಿಕದಲ್ಲಿ ಜರ್ಮನ್ ಮಾತಾಡಿದರೂ ಅನುಮಾನ. 1918ರಲ್ಲಿ ಟೆಕ್ಸಸ್ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷಿನಲ್ಲೇ ಕಲಿಸಬೇಕು ಅಂತ ಕಾನೂನೇ ಬಂತು. ನಾವು ನೋಡಿದ ಈ ಕಲ್ಲುಗಳೆಲ್ಲ ಇಂಗ್ಲಿಷಿನವು, ನುಣುಪಾಗಿವೆ, ಓದೋಕೆ ಸುಲಭ. ಹೆಂಗಸರ ತವರು ಮಾತ್ರ ಮಾಯ. ಇಂಥವರ ಹೆಂಡತಿ, ಮುಗೀತು. ಅಜ್ಜಿಗೆ ಅವರ ಸ್ವಂತ ಅಜ್ಜಿಯ ಕಡೆಯವರೇ ಸಿಗುತ್ತಿಲ್ಲ, ಅದಕ್ಕಿಂತ ಹಿಂದಿನವರು ಸಿಕ್ಕಿದರು. ವಿಚಿತ್ರ ಅಲ್ವಾ?

ನಮ್ಮಲ್ಲಿ ಕಲ್ಲೂ ಇಲ್ಲ. ನಿನ್ನಪ್ಪ ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರು ಹೇಳುತ್ತಾರೆ, ಹೆಂಗಸರದ್ದೂ ಹೇಳುತ್ತಾರೆ. ಆದರೆ ಅವರು ಯಾವ ಊರಿನ ಮಗಳು ಅಂತ ಯಾರೂ ಹೇಳೋದಿಲ್ಲ.

ಭಾನುವಾರ ನಿನ್ನ ಅಮ್ಮಮ್ಮನಿಗೆ ಫೋನ್ ಮಾಡ್ತೀಯಲ್ಲ, ಅವರ ಅಮ್ಮನ ತವರೂರು ಯಾವುದು ಕೇಳು. ಅಮ್ಮನ ಅಮ್ಮನದ್ದೂ ಕೇಳು. ನಾನು ಕೇಳಿದರೆ "ಈಗ್ಯಾಕೆ ಅದೆಲ್ಲ" ಅಂತಾರೆ, ನೀನು ಕೇಳಿದರೆ ಹೇಳ್ತಾರೆ. ತಾಲ್ಲೂಕು ಸಮೇತ ಬರೆದುಕೋ, ಒಂದೇ ಹೆಸರಿನ ಹಳ್ಳಿಗಳು ಬೇಕಾದಷ್ಟಿವೆ.

ನಿನ್ನ,
ಅಮ್ಮ