ಮೊದಲು ಕರೆಂಟ್ ಬಿಲ್ ತೋರಿಸಿ, ಆಮೇಲೆ ದುಡ್ಡು ಕೇಳಿ

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ಬೆಂಗಳೂರಿನಲ್ಲಿ ನೀವು ರೂಮು ರೂಮಾಗಿ ಬಾಡಿಗೆಗೆ ಕೊಟ್ಟಿರುವ ಮನೆಯೊಂದರಲ್ಲಿ ನಾವಿದ್ದೇವೆ. ಬಾಡಿಗೆ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಕರೆಂಟ್ ಬಿಲ್ಲಿನದು.

ನಿಮ್ಮ ಆ್ಯಪ್‌ನಲ್ಲಿ ಪ್ರತಿ ತಿಂಗಳು 'ಯುಟಿಲಿಟಿ' ಅಂತ ಒಂದೇ ಸಾಲು, ಪಕ್ಕದಲ್ಲೊಂದು ಮೊತ್ತ. ರೀಡಿಂಗ್ ಎಷ್ಟು, ಎಲ್ಲಿಂದ ಎಲ್ಲಿಯವರೆಗೆ, ಏನೂ ಇಲ್ಲ. ಕೇಳಿ ಕೇಳಿ ಸಾಕಾದ ಮೇಲೆ ನಿಮ್ಮ ಮ್ಯಾನೇಜರ್ ಬಾಯಿಬಿಟ್ಟರು, ಯೂನಿಟ್‌ಗೆ 13 ರೂಪಾಯಿಯಂತೆ. 2025-26ರಲ್ಲಿ ಗೃಹಬಳಕೆಗೆ ನಿಗದಿಯಾಗಿದ್ದ ದರ 5 ರೂಪಾಯಿ 80 ಪೈಸೆ. ಅದಕ್ಕೆ ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ, ವಿದ್ಯುತ್ ನೌಕರರ ಪಿಂಚಣಿ ಬಾಬ್ತಿಗೆ ಯೂನಿಟ್‌ಗೆ 36 ಪೈಸೆ, 9 ಪರ್ಸೆಂಟ್ ತೆರಿಗೆ ಎಲ್ಲ ಸೇರಿಸಿದರೂ, 3 ಕಿಲೋವ್ಯಾಟ್ ಮನೆಯಲ್ಲಿ 300 ಯೂನಿಟ್ ಉರಿಸಿದರೆ ಎರಡೂವರೆ ಸಾವಿರದ ಆಸುಪಾಸು ಆಗುತ್ತದೆ. ನಿಮ್ಮ ಲೆಕ್ಕದಲ್ಲಿ 3,900. ಉಳಿದ ದುಡ್ಡು ಯಾವುದಕ್ಕೆ? ಕಮರ್ಷಿಯಲ್ ಮೀಟರ್ ಅಂತೀರಾದರೆ ಅದನ್ನೂ ಬಿಲ್ಲಿನಲ್ಲೇ ತೋರಿಸಿ.

ಇನ್ನೊಂದು ವಿಷಯ. ದಸರಾಕ್ಕೆ ಎಲ್ಲರೂ ಊರಿಗೆ ಹೋಗಿದ್ದ ತಿಂಗಳು ಬಳಕೆ ತುಂಬಾ ಕಡಿಮೆ ಇತ್ತು. ಈ ಮನೆಯ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರ್) ಸರ್ಕಾರದ ಉಚಿತ ಕರೆಂಟ್ ಯೋಜನೆಯಾದ ಗೃಹಜ್ಯೋತಿಗೆ ನೋಂದಣಿಯಾಗಿದೆಯಾ? ಆಗಿದ್ದು ಆ ತಿಂಗಳು ಶೂನ್ಯ ಬಿಲ್ ಬಂದಿದ್ದರೆ ನಮ್ಮಿಂದ ಯಾಕೆ ವಸೂಲಿ ಮಾಡಿದಿರಿ? ಆಗಿಲ್ಲದಿದ್ದರೆ, ಬಾಡಿಗೆದಾರರೂ ಆಧಾರ್ ಜೋಡಿಸಿ ಅರ್ಜಿ ಹಾಕಬಹುದು. ನಾವೇ ಹಾಕಿಕೊಳ್ಳುತ್ತೇವೆ, ನಂಬರ್ ಕೊಡಿ. ಅದನ್ನೂ ಕೊಡುತ್ತಿಲ್ಲವಲ್ಲ, ಅದೇ ಅನುಮಾನ.

ನಾಲ್ಕನೇ ರೂಮಿನವರು ಖಾಲಿ ಮಾಡಿದ ಮೇಲಂತೂ ಇನ್ನೂ ಜಾಸ್ತಿಯಾಯಿತು. ಹಾಲ್, ಅಡುಗೆಮನೆ, ನೀರಿನ ಮೋಟರ್, ವೈಫೈ ಖರ್ಚನ್ನು ನಾಲ್ಕು ಭಾಗ ಮಾಡುತ್ತಿದ್ದವರು ಮೂರು ಭಾಗ ಮಾಡಿ ನಮ್ಮ ತಲೆಗೇ ಕಟ್ಟಿದಿರಿ. ರೂಮು ಖಾಲಿ ಇರುವುದು ನಿಮ್ಮ ವ್ಯವಹಾರ, ಅದರ ಪಾಲು ನಿಮ್ಮದೇ ಅಲ್ವಾ? ಆ ರೂಮು ತೋರಿಸಲು ಜನ ಕರೆತಂದ ನಿಮ್ಮ ಹುಡುಗರು ಒಮ್ಮೆ ಗೀಸರ್ ಹಾಕಿಟ್ಟೇ ಹೋಗಿದ್ದರು. ರಾತ್ರಿ ಬಾಗಿಲ ಸಂದಿಯಲ್ಲಿ ಕೆಂಪು ದೀಪ ಕಂಡು ನಾವು ಆರಿಸಿದೆವು. ಅಷ್ಟು ಹೊತ್ತು ಉರಿದ ಕರೆಂಟೂ ನಮ್ಮ ಲೆಕ್ಕಕ್ಕೇ ಬಂತು.

ನಮ್ಮಲ್ಲಿ ಇಬ್ಬರಿಗೆ ಇದು ಮೊದಲ ಕೆಲಸ, ಮನೆಗೂ ದುಡ್ಡು ಕಳಿಸಬೇಕು. ಈ ಹೆಚ್ಚುವರಿ ದುಡ್ಡು ಅವರಿಗೆ ಸಣ್ಣದಲ್ಲ.

ನಾವು ಬಂದಾಗಿನಿಂದ ಬಂದ ಎಲ್ಲ ಮೂಲ ಬಿಲ್‌ಗಳ ಪ್ರತಿ ಕಳಿಸಿ. ಜಾಸ್ತಿ ತೆಗೆದುಕೊಂಡಿದ್ದನ್ನು ಮುಂದಿನ ಬಾಡಿಗೆಯಲ್ಲಿ ಕಳೆಯಿರಿ. ಖಾಲಿ ರೂಮಿನ ಪಾಲು ನೀವೇ ಕಟ್ಟಿ. ಅಲ್ಲಿಯವರೆಗೆ ಬಾಡಿಗೆ ಸರಿಯಾಗಿ ಬರುತ್ತದೆ, ಕರೆಂಟ್ ದುಡ್ಡು ಬಿಲ್ ನೋಡಿದ ಮೇಲೆ. ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತೇವೆ ಅಂತ ಹೆದರಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇವೆ. ಉತ್ತರ ಫೋನಿನಲ್ಲಿ ಬೇಡ, ಬರವಣಿಗೆಯಲ್ಲಿ ಕೊಡಿ.

ಇಂತಿ,
ಮನೆಯ ಮೂವರು ಬಾಡಿಗೆದಾರರು