ಭಾನುವಾರದ ಚರ್ಚೆ: ಕ್ರೀಕ್ ಜನರಲ್ಲಿ ಸೆರೆಯಿದ್ದ ಮಕ್ಕಳು

ಸದಸ್ಯರೆಲ್ಲರಿಗೂ ನಮಸ್ಕಾರ. ಈ ವಾರ ಓದಬೇಕಾದದ್ದು ಅಮೆರಿಕ ಸರ್ಕಾರಕ್ಕೂ ಅಲ್ಲಿನ ಆಗ್ನೇಯ ಭಾಗದ ಮೂಲನಿವಾಸಿಗಳಾದ ಕ್ರೀಕ್ ಜನರಿಗೂ 1790ರ ಆಗಸ್ಟ್ 7ರಂದು ಆದ ನ್ಯೂಯಾರ್ಕ್ ಒಪ್ಪಂದ. ಪೂರ್ತಿ ಓದಲು ಸಮಯವಿಲ್ಲದವರು ಮೂರನೆಯ ವಿಧಿಯನ್ನಾದರೂ ಗಮನವಿಟ್ಟು ಓದಿಕೊಂಡು ಬನ್ನಿ.

ಕ್ರೀಕರು ತಮ್ಮಲ್ಲಿದ್ದ ಸೆರೆಯಾಳುಗಳನ್ನು ಒಕೋನಿ ನದಿಯ ರಾಕ್ ಲ್ಯಾಂಡಿಂಗ್‌ನಲ್ಲಿದ್ದ ಅಮೆರಿಕದ ಸೇನಾಧಿಕಾರಿಗೆ ಒಪ್ಪಿಸಬೇಕು. 1791ರ ಜೂನ್ 1ರೊಳಗೆ ಅದು ಆಗದಿದ್ದರೆ ಜಾರ್ಜಿಯಾ ರಾಜ್ಯದ ಗವರ್ನರ್ ಮೂವರನ್ನು ಕ್ರೀಕ್ ನಾಡಿಗೇ ಕಳುಹಿಸಿ ಕೇಳಿ ಪಡೆಯಬಹುದು ಎನ್ನುತ್ತದೆ ಆ ವಿಧಿ. ಬಿಳಿಯರ ಜೊತೆಗೆ ಕಪ್ಪು ಜನರನ್ನೂ ಪಟ್ಟಿಗೆ ಸೇರಿಸಿದ್ದಾರೆ. ಬಿಳಿಯ ಮಗು ಹೆತ್ತವರ ಮಡಿಲಿಗೆ ಮರಳುತ್ತಿತ್ತು, ಗುಲಾಮ ಮಗು ಯಜಮಾನನ ಕೈಗೆ. ನನ್ನ ಮಟ್ಟಿಗೆ ಚರ್ಚೆಯ ತಿರುಳೇ ಇದು.

ಕಾಗದದ ಮೇಲೆ ಸುಲಭವಾಗಿ ಕಂಡದ್ದು ನೆಲದ ಮೇಲೆ ಹಾಗಿರಲಿಲ್ಲ. ಕ್ರೀಕರದು ಒಬ್ಬ ದೊರೆಯ ರಾಜ್ಯವಲ್ಲ, ಹಲವು ಊರುಗಳ ಒಕ್ಕೂಟ. ಸಹಿ ಹಾಕಿದ ಮುಖಂಡ ಅಲೆಕ್ಸಾಂಡರ್ ಮೆಕ್‌ಗಿಲಿವ್ರೇ ಹೇಳಿದ್ದನ್ನು ಎಲ್ಲ ಊರುಗಳೂ ಕೇಳಬೇಕೆಂದಿರಲಿಲ್ಲ. ಅಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತಿತ್ತು. ಒಂದು ಮನೆ ದತ್ತು ಮಾಡಿಕೊಂಡ ಮಗು ಆ ಕುಲದ್ದೇ ಆಗಿಬಿಡುತ್ತಿತ್ತು. ಅಂಥ ಮಗುವನ್ನು ಮರಳಿ ಕೇಳುವುದೆಂದರೆ ಇನ್ನೊಬ್ಬ ತಾಯಿಯಿಂದ ಕಿತ್ತುಕೊಂಡ ಹಾಗೆಯೇ.

ಜೊತೆಗೆ ಲಿಂಕೋಯನ ಕಥೆಯನ್ನೂ ನೋಡಿಕೊಳ್ಳಿ. 1813ರ ನವೆಂಬರ್‌ನಲ್ಲಿ ಕ್ರೀಕರ ಟಲ್ಲುಶಾಚಿ ಊರಿನ ಮೇಲೆ ಅಮೆರಿಕದ ಪಡೆ ನಡೆಸಿದ ದಾಳಿಯ ನಂತರ ಸಿಕ್ಕ ಈ ಕ್ರೀಕ್ ಕೂಸನ್ನು ಆ ಪಡೆಯ ಸೇನಾನಿ, ಮುಂದೆ ಅಮೆರಿಕದ ಅಧ್ಯಕ್ಷನಾದ ಆಂಡ್ರೂ ಜಾಕ್ಸನ್ ತನ್ನ ಮನೆಗೆ ಕಳುಹಿಸಿದ. ಈ ಹುಡುಗ 1828ರಲ್ಲಿ ಕ್ಷಯದಿಂದ ತೀರಿಕೊಂಡ.

ಪ್ರಶ್ನೆಗಳನ್ನು ಶನಿವಾರ ರಾತ್ರಿಯೊಳಗೆ ಇಲ್ಲಿ ಹಾಕಿ. ಶುಭೋದಯದ ಚಿತ್ರಗಳಿಗೆ ಮಾತ್ರ ಆ ತನಕ ರಜೆ ಕೊಡಿ.