ಶನಿವಾರ ಪ್ರೈಮರ್ ಹೊಡೆಯುವ ಮುಂಚೆ

ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ವಿಮಾನದ ರೆಕ್ಕೆಯ ರಿಬ್‌ಗಳನ್ನು (ರೆಕ್ಕೆಗೆ ಆಕಾರ ಕೊಡುವ ಒಳಗಿನ ಪಟ್ಟಿಗಳು) ತೊಳೆದು ಪ್ರೈಮರ್ ಹೊಡೆಯುತ್ತೇವೆ. ಸ್ಟೀಲ್ ವೂಲ್, ತಂತಿ ಬ್ರಷ್ ಯಾರೂ ತರಬೇಡಿ. ನಮ್ಮ ತಗಡು 2024-ಟಿ3 ಆಲ್‌ಕ್ಲಾಡ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ತಗಡು, ಅದರ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂ ಪದರ. 0.8 ಮಿ.ಮೀ. ತಗಡಿನಲ್ಲಿ ಅದು ಬದಿಗೆ ಸುಮಾರು 0.04 ಮಿ.ಮೀ. ಅಷ್ಟೇ. ತುಕ್ಕು ತಡೆಯುವುದೇ ಅದು, ಜೋರಾಗಿ ಉಜ್ಜಿದರೆ ಹೋಯ್ತು. ಕಬ್ಬಿಣದ ಚೂರು ಸಿಕ್ಕಿಕೊಂಡರೆ ಇನ್ನೂ ಕಷ್ಟ. ಮರೂನ್ ಬಣ್ಣದ ಸ್ಕಾಚ್-ಬ್ರೈಟ್ ಉಜ್ಜುವ ಪ್ಯಾಡ್, ಹಗುರ ಕೈ, ಸಾಕು.

ಮೊದಲು ಸೋಪು ನೀರಲ್ಲಿ ಜಿಡ್ಡು ತೆಗೆದು, ಆಮೇಲೆ ಉಜ್ಜಿ ತೊಳೆಯಿರಿ. ನೀರು ಒಂದೇ ಸಮ ಹರಡಿದರೆ ಸರಿ. ಹನಿಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ. ಆಮೇಲೆ ಬರಿಗೈಲಿ ಮುಟ್ಟಬೇಡಿ. ಹೋದ ಸಲ ನಾನೇ ಮುಟ್ಟಿ, ಬೆರಳು ತಾಗಿದ ಕಡೆಯೆಲ್ಲ ಪ್ರೈಮರ್ ಎದ್ದು ಬಂತು!

ಕಾಸ್ಟಿಕ್ ಸೋಡಾ ಇರುವ ಕ್ಲೀನರ್ ಬೇಡವೇ ಬೇಡ. ಅದು ಅಲ್ಯೂಮಿನಿಯಂ ತಿಂದು ಹೈಡ್ರೋಜನ್ ಬಿಡುತ್ತದೆ.

ಜಿಡ್ಡು ಒರೆಸಲು ಅಸಿಟೋನ್ (ಬೇಗ ಹೊತ್ತಿಕೊಳ್ಳುವ ದ್ರಾವಕ) ಬಳಸುವಾಗ ಶಟರ್ ಪೂರ್ತಿ ತೆರೆದಿರಲಿ, ಹತ್ತಿರ ಬೆಂಕಿ, ಕಿಡಿ ಇರಬಾರದು. ತೆಳು ನೈಟ್ರೈಲ್ ಗ್ಲೌಸ್ ನಂಬಬೇಡಿ, ಅಸಿಟೋನ್ ಬೇಗ ಒಳಗೆ ಇಳಿಯುತ್ತದೆ. ಬ್ಯೂಟೈಲ್ ಗ್ಲೌಸ್ ಎರಡು ಜೊತೆ ನನ್ನ ಹತ್ತಿರ ಇದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ನಿಮ್ಮದೇ ತನ್ನಿ. ಅಸಿಟೋನ್ ಒರೆಸಿದ ಒದ್ದೆ ಬಟ್ಟೆಗಳು ಮುಚ್ಚಳದ ತಗಡಿನ ಡಬ್ಬಕ್ಕೆ, ಮೂಲೆಗಲ್ಲ.